ವರದಿಗಾಗಿ ಕಾಯಲಾಗಿದೆ: ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಬರೆಯುವವನೊಬ್ಬನ ಬಹಿರಂಗ ಪತ್ರ

ಮಾನ್ಯ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ,
ಬಾಗಲಕೋಟೆ ಜಿಲ್ಲೆ.

ಮಾನ್ಯರೇ,

ವಿಷಯ: ಬಾಕಿ ಇರುವ ಸಿವಿಲ್ ದಾವೆಯೊಂದರಲ್ಲಿ ಆಗಿರುವ ಕಾರ್ಯವಿಧಾನದ ಲೋಪಗಳ ಕುರಿತು.

ಈ 'ವಿಷಯ' ಎಂಬ ಸಾಲನ್ನು ನಾನು ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕವಿಲ್ಲ. ತಾಲ್ಲೂಕು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಮೂವತ್ತೊಂದು ವರ್ಷವಾಯಿತು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ತಪ್ಪಾದವರು, ವಾರಸಾ ವರದಿ ಕೊಡುವವರು, ವಿಧವಾ ವೇತನ ನಿಂತುಹೋದವರು, ಹೊಲದ ಗಡಿ ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕುವವರು, ಇವರೆಲ್ಲರ ಪರವಾಗಿ 'ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂದು ಬರೆದು ಹೊಟ್ಟೆ ಹೊರೆದವನು ನಾನು. ಮೊದಲು ಶಾಯಿ ಪೆನ್ನು, ಆಮೇಲೆ ಬೆರಳಚ್ಚು ಯಂತ್ರ, ಈಗ ಮಗನ ಲ್ಯಾಪ್‌ಟಾಪ್. ಆದರೆ ನನ್ನದೇ ದೂರು ಬರೆಯಲು ಕುಳಿತಾಗ ಒಂದು ವಾರ ಕೈ ಓಡಲಿಲ್ಲ.

ಕರಡು ಬರೆದಾಗಲೆಲ್ಲ ಅದು ನ್ಯಾಯಾಧೀಶರ ಮೇಲಿನ ದೂರಿನಂತೆ ಕಾಣುತ್ತಿತ್ತು. ನನಗೆ ಯಾವ ನ್ಯಾಯಾಧೀಶರ ಮೇಲೂ ದೂರಿಲ್ಲ. ದಾವೆ ಹಾಕಿದ ಮೇಲೆ ನಾಲ್ವರು ಬಂದು ಹೋಗಿದ್ದಾರೆ; ನಾಲ್ವರೂ ಸಂಜೆ ಐದರ ಮೇಲೂ ಪೀಠದಲ್ಲಿ ಕುಳಿತಿದ್ದನ್ನು ಕಂಡಿದ್ದೇನೆ. ಲಂಚದ ಮಾತು ಇಲ್ಲಿಲ್ಲ. ಎದುರು ಪಕ್ಷದವರು ಕಾಗದ ತಿದ್ದಿದರೆಂದೂ ಹೇಳುತ್ತಿಲ್ಲ. 'ಹಾಗಾದರೆ ಅಪ್ಪಾ, ದೂರು ಯಾರ ಮೇಲೆ?' ಎಂದು ಮಗ ಕೇಳಿದ. ಚಟ್ಟನೆ ಉತ್ತರ ಹೊಳೆಯಲಿಲ್ಲ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಒಂದು ಕಡತ ಇದ್ದಲ್ಲೇ ಬಿದ್ದಿತ್ತು, ಅದನ್ನು ತಡೆದವರು ಮಾತ್ರ ಯಾರೂ ಇಲ್ಲ. ಹೇಳಬೇಕಾದದ್ದು ಇಷ್ಟೇ. ಇಷ್ಟನ್ನು ಹೇಳಲು ನನ್ನ ಮೇಜಿನ ಮೇಲಿನ ಯಾವ ನಮೂನೆಯೂ ಒದಗಲಿಲ್ಲ.

ಊರಿನ ಹೆಸರು, ನ್ಯಾಯಾಲಯದ ಹೆಸರು, ದಾವೆಯ ಸಂಖ್ಯೆ ಇಲ್ಲಿ ಬರೆದಿಲ್ಲ. ಅವೆಲ್ಲ ಇರುವ ದೂರನ್ನು ಪ್ರಮಾಣಪತ್ರದ ಜೊತೆಗೆ ನೋಂದಾಯಿತ ಅಂಚೆಯಲ್ಲಿ ಬೇರೆಯಾಗಿ ತಮ್ಮ ಕಚೇರಿಗೆ ಕಳಿಸಿದ್ದೇನೆ. ಎರಡು ಕಾಗದ ಏಕೆಂದರೆ ಕಾನೂನು ಎರಡನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ನ್ಯಾಯಾಂಗ ನಿಂದನೆಯ 1971ರ ಅಧಿನಿಯಮದ 6ನೇ ಕಲಮಿನ ಪ್ರಕಾರ, ಅಧೀನ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಸದುದ್ದೇಶದಿಂದ ಹೈಕೋರ್ಟಿಗೋ ಇನ್ನೊಂದು ಅಧೀನ ನ್ಯಾಯಾಲಯಕ್ಕೋ ಹೇಳಿಕೊಂಡರೆ ಅದು ನಿಂದನೆಯಾಗದು. ಊರ ಮುಂದೆ ಹೇಳುವುದಕ್ಕೆ ಆ ರಕ್ಷಣೆಯಿಲ್ಲ. 5ನೇ ಕಲಂ ನ್ಯಾಯಯುತ ವಿಮರ್ಶೆಗೆ ಅವಕಾಶ ಕೊಟ್ಟಿರುವುದೂ ಅಂತಿಮವಾಗಿ ತೀರ್ಪಾದ ಪ್ರಕರಣಕ್ಕೆ. ನನ್ನದು ಇನ್ನೂ ನಡೆಯುತ್ತಿದೆ, ಅಥವಾ ನಿಂತಿದೆ. 'ಕೋರ್ಟಿನ ಮೇಲೆ ಅರ್ಜಿ ಬರೆದರೆ ಜೈಲಾಗುತ್ತದಂತೆ, ಹೌದೇ?' ಎಂದು ನನ್ನ ಮೇಜಿಗೆ ಬಂದು ಪಿಸುಮಾತಿನಲ್ಲಿ ಕೇಳುವವರಿಗೆ ಇದನ್ನೇ ಹೇಳುತ್ತೇನೆ: ಏನು ಹೇಳುತ್ತೀರಿ ಎನ್ನುವಷ್ಟೇ ಯಾರಿಗೆ ಹೇಳುತ್ತೀರಿ ಎಂಬುದನ್ನೂ ನೋಡಿಕೊಳ್ಳಿ.

ದಾವೆ ದೊಡ್ಡದೇನೂ ಅಲ್ಲ. ನಮ್ಮದು ನಾಲ್ಕು ಎಕರೆ ಎರೆ ಹೊಲ. ಪಕ್ಕದ ಹೊಲದ ಬದು ನಮ್ಮ ಕಡೆಗೆ ಸರಿದು ಹನ್ನೆರಡು ಗುಂಟೆ ಒತ್ತುವರಿಯಾಗಿದೆ ಎಂಬುದು ನಮ್ಮ ವಾದ; ಬದು ಇದ್ದಲ್ಲೇ ಇದೆ ಎಂಬುದು ಅವರ ಕೈಫಿಯತ್ತು. ಯಾರದು ಸರಿ ಎಂಬುದನ್ನು ನ್ಯಾಯಾಲಯ ಹೇಳಲಿ, ಇಲ್ಲಿ ಅದರ ಚರ್ಚೆ ಬೇಡ. 2016ರ ಆಗಸ್ಟ್‌ನಲ್ಲಿ ದಾವೆ ದಾಖಲಾಯಿತು. ಅಳತೆಯಾಗದೆ ಇದು ಬಗೆಹರಿಯದೆಂದು 2021ರ ಜನವರಿಯಲ್ಲಿ ನ್ಯಾಯಾಲಯ ಕಮಿಷನರರನ್ನು, ಎಂದರೆ ತನ್ನ ಪರವಾಗಿ ಸ್ಥಳಕ್ಕೆ ಹೋಗಿ ವರದಿ ಕೊಡುವವರನ್ನು, ನೇಮಿಸಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮ ಇದಕ್ಕೆಂದೇ ಇದೆ. ಸರ್ವೆ ಇಲಾಖೆಯ ಭೂಮಾಪಕರು ಹೊಲಕ್ಕೆ ಬಂದು ಅಳೆದು, ಎರಡೂ ಕಡೆಯವರ ಎದುರಿಗೆ ಪಂಚನಾಮೆ ಮಾಡಿ, ನಕ್ಷೆಯ ಜೊತೆಗೆ ವರದಿ ಕೊಡಬೇಕು. ಅವರ ಶುಲ್ಕವನ್ನು ಅದೇ ವಾರ ಕಟ್ಟಿದೆ. ರಸೀದಿ ಇಂದಿಗೂ ನನ್ನ ಬಳಿ ಇದೆ, ಅಕ್ಷರ ಮಾಸಿದೆ ಅಷ್ಟೇ.

ಅಲ್ಲಿಂದ ಮುಂದೆ ತಾರೀಖಿನ ಮೇಲೆ ತಾರೀಖು. ಬೆಳಿಗ್ಗೆ ಎಂಟೂವರೆಯ ಬಸ್ಸು, ಹತ್ತೂವರೆಗೆ ನ್ಯಾಯಾಲಯದ ಪಡಸಾಲೆ, ಹನ್ನೆರಡರ ಸುಮಾರಿಗೆ ಕೂಗು, ಅರ್ಧ ನಿಮಿಷದಲ್ಲಿ ಮುಗಿತಾಯ. 'ಕಮಿಷನರ್ ವರದಿ ಬಂದಿಲ್ಲ, ಕಾಯಬೇಕು' ಎಂದು ವಕೀಲರು ಹೇಳುತ್ತಿದ್ದರು. ಸರ್ವೆ ಇಲಾಖೆಯಲ್ಲಿ ಭೂಮಾಪಕರ ಕೊರತೆಯೆಂದು ನಾನೂ ನಂಬಿದೆ. ಹದ್ದುಬಸ್ತಿನ ಅರ್ಜಿ ಬರೆದುಕೊಡುವ ನನಗೆ ಆ ಕೊರತೆ ಗೊತ್ತಿರದ ಸಂಗತಿಯೇನಲ್ಲ. ಮೊಬೈಲಿನಲ್ಲಿ ಈ-ಕೋರ್ಟ್ಸ್ ಆ್ಯಪ್ ತೆರೆದು, ಪ್ರತಿ ಪ್ರಕರಣಕ್ಕೂ ಕೊಡುವ ಹದಿನಾರು ಅಕ್ಷರ ಅಂಕಿಗಳ ಸಿಎನ್ಆರ್ ಸಂಖ್ಯೆ ಹಾಕಿ ನೋಡಿದರೆ ಮುಂದಿನ ತಾರೀಖು ತಪ್ಪದೆ ಕಾಣುತ್ತಿತ್ತು. ಅದು ದೊಡ್ಡ ಉಪಕಾರ, ಇಲ್ಲವೆನ್ನುವುದಿಲ್ಲ. ಮೊದಲೆಲ್ಲ ತಾರೀಖು ತಿಳಿಯಲು ಗುಮಾಸ್ತರ ಹಿಂದೆ ತಿರುಗಬೇಕಿತ್ತು. ಆದರೆ ಮುಂದಿನ ತಾರೀಖು ಯಾವುದೆಂದು ಹೇಳುವ ಆ ಪರದೆ ಹಿಂದಿನ ತಾರೀಖಿನಲ್ಲಿ ಏಕೆ ಏನೂ ಆಗಲಿಲ್ಲ ಎಂಬುದನ್ನು ಹೇಳುತ್ತಿರಲಿಲ್ಲ.

ಗೆಳೆಯರೊಬ್ಬರು ಮಾಹಿತಿ ಹಕ್ಕಿನಲ್ಲಿ ಕೇಳೆಂದರು. ಅದು ತಪ್ಪು ಬಾಗಿಲು. ನ್ಯಾಯಾಲಯದ ಕಡತದ ಪ್ರತಿ ಬೇಕಿದ್ದರೆ ನ್ಯಾಯಾಲಯದ ನಿಯಮದಂತೆ ನಕಲಿಗೇ ಅರ್ಜಿ ಹಾಕಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿಯಾಗಿದೆ. ಹಾಗಾಗಿ 2023ರ ನವೆಂಬರ್‌ನಲ್ಲಿ ಇಡೀ ಕಡತದ ದೃಢೀಕೃತ ನಕಲು ಪಡೆದೆ.

ಆ ಸಂಜೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಚೇರಿ ಮುಚ್ಚಿತ್ತು, ಮರದ ಕೆಳಗೆ ನಾನೊಬ್ಬನೇ. ಚಹಾ ತರಿಸಿಕೊಂಡು ಪುಟ ತಿರುವುತ್ತ ಕುಳಿತೆ. ಪ್ರತಿ ತಾರೀಖಿಗೆ ಆದದ್ದನ್ನು ಬರೆದಿಡುವ ಆರ್ಡರ್ ಶೀಟಿನಲ್ಲಿ 2021ರ ಮಾರ್ಚ್‌ನಿಂದ ಒಂದೇ ಸಾಲು: ವರದಿ ಬಂದಿಲ್ಲ, ವರದಿಗಾಗಿ ಕಾಯಲಾಗಿದೆ. ಮರುತಾರೀಖಿಗೂ ಅದೇ. ಕೈಬರಹ ಬದಲಾಗುತ್ತದೆ, ಶಾಯಿ ನೀಲಿಯಿಂದ ಕಪ್ಪಾಗುತ್ತದೆ, ಸಾಲು ಮಾತ್ರ ಅದೇ. ಹತ್ತೊಂಬತ್ತು ಸಲ. ಆಮೇಲೆ ಪತ್ರವ್ಯವಹಾರದ ಭಾಗಕ್ಕೆ ಬಂದೆ. ಅಲ್ಲೊಂದು ಅರ್ಧ ಹಾಳೆಯ ಕಾಗದ. ಸರ್ವೆ ಕಚೇರಿಯಿಂದ ನ್ಯಾಯಾಲಯಕ್ಕೆ ಬಂದದ್ದು. 'ಸದರಿ ಗ್ರಾಮವು ತಾಲ್ಲೂಕು ಪುನರ್ವಿಂಗಡಣೆಯ ನಂತರ ಈ ಕಚೇರಿಯ ವ್ಯಾಪ್ತಿಗೆ ಒಳಪಡುವುದಿಲ್ಲವಾದ್ದರಿಂದ ಕಡತವನ್ನು ಈ ಮೂಲಕ ಹಿಂತಿರುಗಿಸಲಾಗಿದೆ.' ತಾರೀಖು, 2021ರ ಮಾರ್ಚ್. ಮೇಲೆ ನ್ಯಾಯಾಲಯದ ಸ್ವೀಕೃತಿಯ ದುಂಡು ಮೊಹರು. ಕಡತಕ್ಕೆ ಟ್ಯಾಗು ಕಟ್ಟಲು ಹೊಡೆದ ತೂತು ಸರಿಯಾಗಿ 'ಹಿಂತಿರುಗಿಸಲಾಗಿದೆ' ಎಂಬ ಪದದ ಮೇಲೆಯೇ ಬಿದ್ದಿತ್ತು. ನಕಲಿನಲ್ಲಿ ಅದೊಂದು ಕರಿ ಚುಕ್ಕೆ. ಚಹಾ ಆರಿಹೋಯಿತು.

ಎಂದರೆ, ವರದಿ ಬರಲಿಲ್ಲವೆಂದು ನ್ಯಾಯಾಲಯ ಯಾವ ಕಡತದಲ್ಲಿ ಹತ್ತೊಂಬತ್ತು ಸಲ ಬರೆಯಿತೋ, ವರದಿ ಎಂದೂ ಬರುವುದಿಲ್ಲವೆಂಬ ಕಾಗದವೂ ಅದೇ ಕಡತದೊಳಗಿತ್ತು.

ಸಿಟ್ಟು ಬಂತು, ನಿಜ. ಆದರೆ ರಾತ್ರಿ ಮಲಗಿ ಯೋಚಿಸಿದರೆ ಸಿಟ್ಟು ಮಾಡಲು ಆಳು ಸಿಗಲಿಲ್ಲ. ಸರ್ವೆ ಕಚೇರಿಯವರು ಸರಿಯಾಗಿಯೇ ಉತ್ತರಿಸಿದ್ದರು, ಕನ್ನಡವೂ ಚೊಕ್ಕವಾಗಿತ್ತು. ಟಪಾಲು ತೆಗೆದುಕೊಂಡವರು ಮೊಹರು ಹಾಕಿ ಸಂಬಂಧಪಟ್ಟ ಕಡತಕ್ಕೆ ಸೇರಿಸಿದ್ದರು. ಸೇರಿಸುವುದು ಅವರ ಕೆಲಸ, ಓದಿ ಹೇಳುವುದು ಯಾರ ಕೆಲಸವೆಂದು ಎಲ್ಲಿಯೂ ಬರೆದಿಲ್ಲ. ಮೊದಲು ಪತ್ರ ಕಳಿಸಿದವರು ವಿಳಾಸವನ್ನು ದಾವಾ ಅರ್ಜಿಯಿಂದ ಎತ್ತಿ ಬರೆದಿದ್ದರು. ದಾವಾ ಅರ್ಜಿಯಲ್ಲಿ ಹಳೆಯ ತಾಲ್ಲೂಕಿನ ಹೆಸರಿತ್ತು, ಏಕೆಂದರೆ 2016ರ ಉತಾರದಲ್ಲಿ ಅದೇ ಇತ್ತು. ಆಮೇಲೆ ನಮ್ಮ ಜಿಲ್ಲೆಯಲ್ಲಿ ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಹೊಸ ತಾಲ್ಲೂಕುಗಳಾದವು, ಊರುಗಳು ಆಚೀಚೆ ಹಂಚಿಹೋದವು. ಜಮೀನಿನ ವಿವರದ ಆ ಪುಟವನ್ನು ಬೆರಳಚ್ಚು ಮಾಡಿ ವಕೀಲರಿಗೆ ಕೊಟ್ಟವನು ಬೇರೆ ಯಾರೂ ಅಲ್ಲ, ನಾನೇ. ತಾಲ್ಲೂಕು ಬದಲಾಗಿದೆಯೆಂದು ತಿದ್ದುಪಡಿ ಅರ್ಜಿ ಹಾಕಬೇಕೆಂಬುದು ನನಗಾಗಲಿ ನಮ್ಮ ವಕೀಲರಿಗಾಗಲಿ ಹೊಳೆಯಲಿಲ್ಲ. 1997ರಲ್ಲಿ ವಿಜಯಪುರದಿಂದ ಬಾಗಲಕೋಟೆ ಬೇರೆ ಜಿಲ್ಲೆಯಾದಾಗಲೂ ನನ್ನ ಮೇಜಿನಿಂದ ಹೋದ ಎಷ್ಟೋ ಅರ್ಜಿಗಳು ಹಳೆಯ ವಿಳಾಸಕ್ಕೆ ಹೋಗಿ ತಿಂಗಳುಗಟ್ಟಲೆ ಅಲೆದದ್ದನ್ನು ಕಂಡವನಿಗೆ ಹೊಳೆಯಬೇಕಿತ್ತು.

ಇನ್ನೊಂದು ಮಾತು, ಇದು ಪಟ್ಟಣದಲ್ಲಿ ಕುಳಿತವರಿಗೆ ತಟ್ಟನೆ ತಿಳಿಯಲಿಕ್ಕಿಲ್ಲ. ನಮ್ಮದು ಹಿಂಗಾರಿ ಹೊಲ. ಸೀಗೆ ಹುಣ್ಣಿಮೆಯ ಆಸುಪಾಸಿಗೆ ಬಿಳಿಜೋಳ ಎದ್ದಿರುತ್ತದೆ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಎದೆಯೆತ್ತರ. ಆ ಬೆಳೆಯೊಳಗೆ ಸರಪಳಿ ಎಳೆಯಲಾಗದು. ಮಳೆಗಾಲದಲ್ಲಿ ಎರೆ ಮಣ್ಣು ಕಾಲು ಬಿಡುವುದಿಲ್ಲ, ಗಡಿಯ ಬಾಂದು ಕಲ್ಲು ಹುಡುಕಲು ಹೋದ ಭೂಮಾಪಕರು ಚಪ್ಪಲಿ ಕಳೆದುಕೊಂಡು ಬರುತ್ತಾರೆ. ಅಳೆಯಲು ಸಿಗುವುದು ರಾಶಿ ಮುಗಿದ ಮೇಲಿನ ಫೆಬ್ರವರಿಯಿಂದ ಮೇ ಕೊನೆಯವರೆಗಿನ ದಿನಗಳು ಮಾತ್ರ. ಅದರಲ್ಲಿ ಮೇ ತಿಂಗಳು ಸಿವಿಲ್ ನ್ಯಾಯಾಲಯಕ್ಕೆ ಬೇಸಿಗೆ ರಜೆ. ನ್ಯಾಯಾಲಯದಿಂದ ಹೊರಡಬೇಕಾದ ಪತ್ರ ಒಂದು ತಿಂಗಳು ತಡವಾದರೆ ಹೊಲದಲ್ಲಿ ಅದು ಒಂದು ವರ್ಷವಾಗುತ್ತದೆ. ನನ್ನ ವಿಷಯದಲ್ಲಿ ಆದದ್ದೂ ಅದೇ. ಲೋಪ ಕಂಡ ಕೂಡಲೇ ವಕೀಲರು ಮೆಮೊ ಹಾಕಿದರು. ನ್ಯಾಯಾಲಯ ಅಂದೇ ಆದೇಶಿಸಿತು, ಡಿಸೆಂಬರ್‌ನಲ್ಲಿ ಪತ್ರ ಸರಿಯಾದ ಕಚೇರಿಗೆ ಹೋಯಿತು. ಆ ಹೊತ್ತಿಗೆ ಜೋಳ ನಿಂತಿತ್ತು. ಅಳತೆ ನಡೆದದ್ದು 2024ರ ಏಪ್ರಿಲ್‌ನಲ್ಲಿ, ಅರ್ಧ ದಿನದಲ್ಲಿ. ಅರ್ಧ ದಿನದ ಆ ಕೆಲಸಕ್ಕೆ ಮೂರು ವರ್ಷ ಮೂರು ತಿಂಗಳು ಹಿಡಿದಿತ್ತು.

ಇನ್ನು ನಮ್ಮ ಸೋದರತ್ತೆಯವರ ವಿಷಯ. ಈ ಪತ್ರವನ್ನು ಈಗಲೇ ಬರೆಯಲು ಕಾರಣ ಅವರು.

ಅತ್ತೆಯವರಿಗೆ ಎಂಬತ್ತಾರು. ನಮ್ಮ ಸಾಕ್ಷಿ. ಬದುವಿನ ಮೇಲೆ ಒಂದು ಬನ್ನಿ ಮರವಿತ್ತು, ಅದರ ಬುಡದಲ್ಲಿ ಬಾಂದು ಕಲ್ಲಿತ್ತು ಎಂಬುದನ್ನು ಕಣ್ಣಾರೆ ಕಂಡವರಲ್ಲಿ ಉಳಿದವರು ಅವರೊಬ್ಬರೇ. ಮದುವೆಯಾಗಿ ಹೋಗುವವರೆಗೆ ಆ ಹೊಲದಲ್ಲಿ ಕಳೆ ತೆಗೆದವರು. ಅವರ ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕ ಆಗಿದೆ, ಎದುರು ಪಕ್ಷದ ವಕೀಲರು ಪ್ರಶ್ನಿಸುವ ಪಾಟೀಸವಾಲು ಬಾಕಿ. ಅದಕ್ಕಾಗಿ ಅವರನ್ನು ಐದು ಸಲ ಕರೆದೊಯ್ದಿದ್ದೇನೆ. ಒಮ್ಮೆ ಎದುರು ಪಕ್ಷದ ವಕೀಲರಿಗೆ ಬೇರೆ ನ್ಯಾಯಾಲಯದಲ್ಲಿ ಕೆಲಸ. ಒಮ್ಮೆ ನ್ಯಾಯಾಧೀಶರು ರಜೆ. ಒಮ್ಮೆ ವಕೀಲರು ಕಲಾಪದಿಂದ ದೂರ ಉಳಿದಿದ್ದರು. ಒಮ್ಮೆ ಕೂಗು ಬಂದದ್ದೇ ಐದೂಕಾಲಿಗೆ, 'ಅಜ್ಜಿಯನ್ನು ಇಷ್ಟು ಹೊತ್ತು ಕೂಡಿಸಬೇಡಿ' ಎಂದು ನ್ಯಾಯಾಧೀಶರೇ ಕರುಣೆಯಿಂದ ಕಳಿಸಿದರು.

ಐದನೆಯ ಸಲದ್ದು ಬೇರೆ. ಅಂದು ಹತ್ತೂವರೆಗೆಲ್ಲ ಅವರನ್ನು ಪಡಸಾಲೆಯ ಬೆಂಚಿನ ಮೇಲೆ ಕೂಡಿಸಿದ್ದೆ. ಇಳಕಲ್ ಸೀರೆ, ಮಡಿಲಲ್ಲಿ ರೊಟ್ಟಿಯ ಗಂಟು, ನೀರಿನ ಬಾಟಲಿ. ಹನ್ನೆರಡರ ಸುಮಾರಿಗೆ ಶೌಚಾಲಯಕ್ಕೆ ಹೋಗಬೇಕೆಂದರು. ಹೆಂಗಸರ ಶೌಚಾಲಯಕ್ಕೆ ಬೀಗ. ಕೀಲಿ ಯಾರ ಬಳಿ ಇದೆಯೆಂದು ಇಬ್ಬರನ್ನು ಕೇಳಿದೆ, ಮೂರನೆಯವರನ್ನು ಕೇಳುವಷ್ಟು ಹೊತ್ತು ಅತ್ತೆಗೆ ತಾಳ್ಮೆ ಇರಲಿಲ್ಲ. ರಸ್ತೆಯಾಚೆ ಪರಿಚಯದವರೊಬ್ಬರ ಮನೆಗೆ ಕೈಹಿಡಿದು ಕರೆದೊಯ್ದೆ. ಹೋಗಿ ಬರಲು ಇಪ್ಪತ್ತು ನಿಮಿಷ. ಜವಾನರು ಕೂಗಿದ್ದು ಆ ಇಪ್ಪತ್ತು ನಿಮಿಷದೊಳಗೆ. ಆರ್ಡರ್ ಶೀಟಿನಲ್ಲಿ ಹೀಗಿದೆ: ವಾದಿ ಸಾಕ್ಷಿ 2 ಕೂಗಲಾಯಿತು, ಗೈರು. ಇಡೀ ದಿನ ನ್ಯಾಯಾಲಯದಲ್ಲಿದ್ದ ಮುದುಕಿ ದಾಖಲೆಯಲ್ಲಿ ಗೈರು. ಮಧ್ಯಾಹ್ನ ವಕೀಲರ ಮೂಲಕ ವಿಷಯ ತಿಳಿಸುವ ಹೊತ್ತಿಗೆ ಮುಂದಿನ ತಾರೀಖು ಬಿದ್ದಿತ್ತು. ಬಸ್ಸಿನಲ್ಲಿ ಅತ್ತೆ ಕೇಳಿದರು: 'ನಾನು ಬಂದಿಲ್ಲ ಎಂದು ಬರೆದರಂತೆ, ಮತ್ತೆ ಅಲ್ಲಿ ಕುಳಿತಿದ್ದವರು ಯಾರು?' ನಾನು ಕಿಟಕಿಯಾಚೆ ನೋಡಿದೆ.

ಆಮೇಲೆ ಅವರಿಗೆ ಮೊಣಕಾಲು ಬಿಟ್ಟಿತು, ಬಸ್ಸಿನ ಮೆಟ್ಟಿಲು ಹತ್ತಲಾರರು. ಕಾನೂನಿನಲ್ಲಿ ಇದಕ್ಕೂ ದಾರಿಯಿದೆ. ಅನಾರೋಗ್ಯದಿಂದಲೋ ಅಶಕ್ತತೆಯಿಂದಲೋ ನ್ಯಾಯಾಲಯಕ್ಕೆ ಬರಲಾಗದ ಸಾಕ್ಷಿಯ ವಿಚಾರಣೆಗೆ ಕಮಿಷನರರನ್ನು ಕಳಿಸಬಹುದೆಂದು 26ನೇ ಆದೇಶದ ಮೊದಲ ನಿಯಮವೇ ಹೇಳುತ್ತದೆ. ವೈದ್ಯರ ಪ್ರಮಾಣಪತ್ರ ಇಟ್ಟು ಅರ್ಜಿ ಹಾಕಿ ಹತ್ತು ತಿಂಗಳಾಯಿತು. ಮೊದಲ ನಾಲ್ಕು ತಾರೀಖು ಎದುರು ಪಕ್ಷದ ತಕರಾರಿಗೆ, ಆಮೇಲಿನವು 'ಮಧ್ಯಂತರ ಅರ್ಜಿಯ ವಿಚಾರಣೆಗೆ'. ಅರ್ಜಿ ತಿರಸ್ಕಾರವಾದರೂ ಸರಿ, ಮುಂದಿನ ದಾರಿ ನೋಡಬಹುದು. ತಿರಸ್ಕಾರವೂ ಇಲ್ಲ, ಮಂಜೂರಿಯೂ ಇಲ್ಲ. ಅತ್ತೆ ನಿನ್ನೆ ಮೊನ್ನೆಯ ಮಾತು ಮರೆಯುತ್ತಿದ್ದಾರೆ. ಬನ್ನಿ ಮರವನ್ನು ಇನ್ನೂ ಮರೆತಿಲ್ಲ.

ಈ ವರ್ಷ ಮತ್ತೊಮ್ಮೆ ಆರ್ಡರ್ ಶೀಟಿನ ನಕಲು ತೆಗೆಸಿ, ಪೆನ್ಸಿಲು ಹಿಡಿದು ಎಣಿಸಿದೆ. ಒಟ್ಟು 88 ತಾರೀಖು. ವರದಿಗಾಗಿ ಕಾದದ್ದು 19. ಪ್ರತಿವಾದಿಗಳು ಸಮಯ ಕೇಳಿದ್ದು 21. ನ್ಯಾಯಾಧೀಶರ ರಜೆ, ವರ್ಗಾವಣೆ, ಪ್ರಭಾರ ಎಲ್ಲ ಸೇರಿ 16. ಬರಿದೇ 'ಮುಂದೂಡಲಾಗಿದೆ' ಎಂದಿರುವುದು 17. ಏನಾದರೂ ಕೆಲಸ ನಡೆದದ್ದು 6. ಉಳಿದ 9 ಸಲ ಸಮಯ ಕೇಳಿದವರು ನಾವು. ಅದರಲ್ಲಿ ಒಂದು ನನ್ನ ಮಗಳ ಮದುವೆ, ಎರಡು ನಮ್ಮ ವಕೀಲರ ಜ್ವರ. ಮಿಕ್ಕ ಆರಕ್ಕೆ ಕಾರಣವೇನೆಂದು ಈಗ ನನಗೂ ನೆನಪಿಲ್ಲ, ಆರ್ಡರ್ ಶೀಟಿಗೂ ಗೊತ್ತಿಲ್ಲ.

ನನ್ನ ದೂರು ನಿಂತಿರುವುದು ಈ ಕೊನೆಯ ಮಾತಿನ ಮೇಲೆ. ಸಂಹಿತೆಯ 17ನೇ ಆದೇಶದ 1ನೇ ನಿಯಮವನ್ನು ಎಲ್ಲರೂ ಉದ್ಧರಿಸುವುದು ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದು ಎಂಬುದಕ್ಕಾಗಿ. ಆ ಮೂರರ ಮಿತಿ ಕಲ್ಲಿನ ಗೋಡೆಯೇನಲ್ಲ. ಪಕ್ಷಗಾರನ ಕೈಮೀರಿದ ಸಂದರ್ಭವಿದ್ದರೆ ಹೆಚ್ಚು ಕೊಡಬಹುದೆಂದು ಸುಪ್ರೀಂ ಕೋರ್ಟು 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಒಪ್ಪಿದೆ. ಆಗಲಿ. ಆದರೆ ಅದೇ ನಿಯಮದಲ್ಲಿ, ಮೂರರ ಮಾತು ಬರುವ ಮೊದಲೇ, ಕಾರಣವನ್ನು ಲಿಖಿತವಾಗಿ ದಾಖಲಿಸಿ ಮುಂದೂಡಬೇಕು ಎಂದಿದೆ. ವಕೀಲರು ಬೇರೆ ನ್ಯಾಯಾಲಯದಲ್ಲಿ ನಿರತರಾಗಿದ್ದಾರೆ ಎಂಬುದು ಕಾರಣವಾಗದು ಎಂದೂ ಇದೆ. ಖರ್ಚು ಹಾಕಬೇಕೆಂದೂ ಇದೆ. ಮೂರನ್ನು ಹಿಡಿದು ಎಲ್ಲರೂ ಜಗ್ಗಾಡುತ್ತಾರೆ, ಲಿಖಿತ ಕಾರಣದ ಮಾತನ್ನು ಯಾರೂ ಎತ್ತುವುದಿಲ್ಲ. ನನ್ನ ಕಡತದಲ್ಲಿ ಮೊದಲ ಮೂರು 'ಕಾಯಲಾಗಿದೆ'ಗಳ ಬದಲು 'ಪತ್ರ ಯಾವ ದಿನ, ಯಾವ ಕಚೇರಿಗೆ ಹೋಯಿತು, ಉತ್ತರ ಬಂದಿದೆಯೇ' ಎಂದು ಒಂದೇ ಒಂದು ಸಲ ಬರೆಯಬೇಕಾಗಿ ಬಂದಿದ್ದರೆ, ಬರೆಯುವವರು ಪುಟ ತಿರುಗಿಸಬೇಕಾಗುತ್ತಿತ್ತು. ಪುಟ ತಿರುಗಿಸಿದ್ದರೆ ಆ ಕಾಗದ ಸಿಗುತ್ತಿತ್ತು.

ಗಡುವುಗಳಿಗೇನೂ ಕೊರತೆಯಿಲ್ಲ. ಪ್ರಕರಣಗಳ ಹರಿವಿನ ನಿರ್ವಹಣೆಗೆ ಕರ್ನಾಟಕದಲ್ಲಿ 2005ರಿಂದಲೇ ನಿಯಮಗಳಿವೆ, ನಮ್ಮಂಥ ದಾವೆಗೆ ಅದರಲ್ಲಿ 24 ತಿಂಗಳ ಗುರಿ. 2023ರ ಅಕ್ಟೋಬರ್‌ನಲ್ಲಿ ಯಶಪಾಲ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಐದು ವರ್ಷ ದಾಟಿದ ದಾವೆಗಳ ಮೇಲೆ ನಿಗಾ ಇಡಬೇಕೆಂದು ದೇಶದ ಎಲ್ಲ ಹೈಕೋರ್ಟುಗಳಿಗೆ ನಿರ್ದೇಶನ ಕೊಟ್ಟಿದೆ. ಆ ತೀರ್ಪು ಕೊಟ್ಟ ಇಬ್ಬರಲ್ಲಿ ಒಬ್ಬರು ನಮ್ಮ ರಾಜ್ಯದ ನ್ಯಾಯಮೂರ್ತಿ ಅರವಿಂದ ಕುಮಾರ್. ಗೋಡೆಗೆ ತೂಗುಹಾಕಿದ ಕಾಸ್ ಲಿಸ್ಟ್ ನೋಡಿದರೆ ಒಂದೇ ದಿನಕ್ಕೆ ತೊಂಬತ್ತರ ಮೇಲೆ ಪ್ರಕರಣ. ಅಷ್ಟನ್ನು ಒಬ್ಬರು ಒಂದು ದಿನದಲ್ಲಿ ಓದಲಾರರು ಎಂಬುದು ನನ್ನಂಥವನಿಗೂ ಅರ್ಥವಾಗುತ್ತದೆ. ಓದಲಾರದವರಿಗೆ ಗಡುವು ಕೊಟ್ಟರೆ ಗಡುವೂ ಒಂದು ಸಾಲಾಗಿ ಆರ್ಡರ್ ಶೀಟಿಗೆ ಸೇರುತ್ತದೆ.

ಹಾಗಾದರೆ ನನ್ನಂಥವನು ಎಲ್ಲಿಗೆ ಹೋಗಬೇಕು? ಸಂವಿಧಾನದ 227ನೇ ವಿಧಿಯಂತೆ ಹೈಕೋರ್ಟಿಗೆ ಹೋಗಿ, ಇಷ್ಟು ದಿನದೊಳಗೆ ಮುಗಿಸುವಂತೆ ನಿರ್ದೇಶನ ಕೇಳಬಹುದು. ಅದಕ್ಕೆ ನಾವು ಬಾಗಲಕೋಟೆಯವರು ಧಾರವಾಡಕ್ಕೆ, ಪಕ್ಕದ ವಿಜಯಪುರದವರು ಕಲಬುರಗಿಗೆ. ಹೋಗಿಬರುವ ಖರ್ಚು, ಅಲ್ಲಿನ ವಕೀಲರ ಶುಲ್ಕ ಲೆಕ್ಕ ಹಾಕಿದರೆ ಹನ್ನೆರಡು ಗುಂಟೆಯಲ್ಲಿ ಎರಡು ಗುಂಟೆ ಅಲ್ಲಿಯೇ ಹೋಯಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಂತೆ ದಾವೆಯನ್ನು ಬೇರೆ ನ್ಯಾಯಾಲಯಕ್ಕೆ ವರ್ಗಾಯಿಸಲು ಕೇಳಬಹುದು, ಆದರೆ ಅದು ನ್ಯಾಯಾಧೀಶರ ಮೇಲೆ ನಂಬಿಕೆಯಿಲ್ಲ ಎಂದಂತೆ. ನನಗೆ ಹಾಗೆ ಹೇಳುವ ಕಾರಣವಿಲ್ಲ. ಹೈಕೋರ್ಟಿನ ಜಾಗೃತ ವಿಭಾಗವಿದೆ, ಅದು ದುರ್ನಡತೆಯ ದೂರಿಗೆ. ಪುಟ ತಿರುಗಿಸದಿರುವುದು ದುರ್ನಡತೆಯಲ್ಲ. ಒಂದು ತಪ್ಪೊಪ್ಪಿಗೆಯನ್ನೂ ಇಲ್ಲಿಯೇ ಮಾಡಿಬಿಡುತ್ತೇನೆ. ಇಂಥ ಸಂಕಟ ಹೇಳಿಕೊಂಡು ಬಂದವರಿಗೆ ನಾನು ಜಿಲ್ಲಾಧಿಕಾರಿಗಳಿಗೆ, ಮುಖ್ಯಮಂತ್ರಿಗಳಿಗೆ, ಒಂದೆರಡು ಸಲ ಪ್ರಧಾನಿಗಳಿಗೂ ಅರ್ಜಿ ಬರೆದುಕೊಟ್ಟು ದುಡ್ಡು ತೆಗೆದುಕೊಂಡಿದ್ದೇನೆ. ನ್ಯಾಯಾಲಯದ ಕಡತಕ್ಕೆ ಅವರ ಕೈ ತಲುಪದೆಂದು ಗೊತ್ತಿದ್ದೂ ಬರೆದಿದ್ದೇನೆ. ಬಂದವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗುತ್ತಿರಲಿಲ್ಲ. ಹೆಣ್ಣುಮಕ್ಕಳಿಗಾದರೂ ಈಗ ಸರಿಯಾದ ಬಾಗಿಲು ತೋರಿಸುತ್ತೇನೆ: ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ, ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ ಎಂದು.

ಉಳಿದ ಬಾಗಿಲು ತಮ್ಮದು. ನ್ಯಾಯನಿರ್ಣಯದಲ್ಲಿ ತಾವು ಆಡಳಿತದ ಕಡೆಯಿಂದ ಕೈಹಾಕುವಂತಿಲ್ಲ, ನಾನು ಅದನ್ನು ಕೇಳುತ್ತಲೂ ಇಲ್ಲ. ಆದರೆ ಅಧೀನ ನ್ಯಾಯಾಲಯಗಳ ಕಚೇರಿಯ ತಪಾಸಣೆ ತಮ್ಮದೇ. ಮುಂದಿನ ತಪಾಸಣೆಗೆ ಬಂದಾಗ, ವಿಲೇವಾರಿಯಾದ ಪ್ರಕರಣಗಳ ಪಟ್ಟಿಯ ಜೊತೆಗೆ 'ವರದಿಗಾಗಿ ಕಾಯಲಾಗಿದೆ' ಎಂದು ಮೂರು ಸಲಕ್ಕಿಂತ ಹೆಚ್ಚು ಬರೆದಿರುವ ಕಡತಗಳನ್ನೂ ತರಿಸಿ ನೋಡಬೇಕು. ಕಮಿಷನರರಿಗೆ ಹೋದ ಪತ್ರಗಳಿಗೆ ಒಂದು ವಹಿ ಇರಲಿ. ಯಾವಾಗ ಹೋಯಿತು, ಮುಟ್ಟಿತೇ, ಮರಳಿತೇ ಎಂಬುದನ್ನು ಎರಡನೆಯ ತಾರೀಖಿಗೇ ತೆರೆದ ನ್ಯಾಯಾಲಯದಲ್ಲಿ ಓದಿ ಹೇಳಲಿ. ಮುಂದೂಡಿದ ಕಾರಣ, ಯಾರ ಕೋರಿಕೆಯ ಮೇಲೆ ಎಂಬುದು ಒಂದು ಸಾಲಿನಲ್ಲಿ ಕನ್ನಡದಲ್ಲಿ ಇರಲಿ, ಆ ಸಾಲು ಮೊಬೈಲಿನಲ್ಲಿಯೂ ಕಾಣಲಿ. ಕಾರಣ ನಾನೇ ಆಗಿದ್ದರೆ ನನ್ನ ಹೆಸರೇ ಕಾಣಲಿ, ನಾಚಿಕೆಯಿಂದಲಾದರೂ ಎರಡನೆಯ ಸಲ ಸಮಯ ಕೇಳುವ ಮುನ್ನ ಯೋಚಿಸುತ್ತೇನೆ. ವಾರಕ್ಕೊಂದು ಗೊತ್ತಾದ ಹೊತ್ತಿನಲ್ಲಿ, ಪಕ್ಷಗಾರನು ತನ್ನ ಕಡತ ಎಲ್ಲಿ ನಿಂತಿದೆಯೆಂದು ಶಿರಸ್ತೇದಾರರನ್ನು ಕೇಳುವಂತಾಗಲಿ. ತೀರ್ಪಿನ ಬಗ್ಗೆ ಬೇಡ, ಕಾಗದದ ಬಗ್ಗೆ ಮಾತ್ರ. ಶೌಚಾಲಯದ ಕೀಲಿ ಯಾರ ಬಳಿ ಇದೆಯೆಂದು ಬಾಗಿಲ ಮೇಲೆ ಬರೆಸಲಿಕ್ಕೆ ಹೈಕೋರ್ಟಿನ ಸುತ್ತೋಲೆ ಬೇಕಾಗಲಾರದು.

ಈ ಪತ್ರ ಬರೆಯುವ ಸಂಗತಿಯನ್ನು ಪ್ರತಿವಾದಿಗಳಿಗೂ ಹೇಳಿದ್ದೇನೆ. ನಾವು ಮಾತು ಬಿಟ್ಟವರಲ್ಲ. ಎಂಟೂವರೆಗೆ ಇರುವುದು ಒಂದೇ ಬಸ್ಸು, ಅವರೂ ಅದರಲ್ಲೇ ಬರಬೇಕು. ಕೂಗಿಗೆ ಕಾಯುತ್ತ ಎಷ್ಟೋ ಸಲ ಒಂದೇ ಅಂಗಡಿಯಲ್ಲಿ ಚಹಾ ಕುಡಿದಿದ್ದೇವೆ, ದುಡ್ಡು ಒಮ್ಮೆ ಅವರು ಕೊಟ್ಟರೆ ಒಮ್ಮೆ ನಾನು. 'ಬದುವಿನ ಮಾತು ಬೇರೆ, ಆದರೆ ನನ್ನ ದಿನಗಳೂ ಹಾಳಾಗಿವೆ, ಅದನ್ನೂ ಬರೆಯಿರಿ' ಎಂದರು. ಅಮ್ಮನ ಆಪರೇಷನ್ನಿನ ಮರುದಿನವೂ ಬಂದು ನಿಂತಿದ್ದರಂತೆ, ಅಂದೂ ಬಿದ್ದದ್ದು ತಾರೀಖೇ. ಇಪ್ಪತ್ತೊಂದು ಸಲ ಸಮಯ ಕೇಳಿದ್ದು ನಿಮ್ಮ ಕಡೆಯವರೇ ಅಲ್ಲವೇ ಎಂದೆ. 'ನಾನು ಕೇಳಿಲ್ಲ, ವಕೀಲರು ಕೇಳಿರಬೇಕು. ನನಗೆ ಹೇಳಿದ್ದು ತಾರೀಖು ಬಿದ್ದಿದೆ ಎಂದಷ್ಟೇ' ಎಂದರು. ನಂಬಬೇಕೋ ಬಿಡಬೇಕೋ ತಿಳಿಯದೆ ಅಂದಿನ ಚಹಾದ ದುಡ್ಡು ನಾನೇ ಕೊಟ್ಟೆ. ಅವರು ಹೇಳಿದಂತೆ ಬರೆದಿದ್ದೇನೆ.

ಮುಂದಿನ ತಾರೀಖಿಗೆ ಅತ್ತೆಯವರ ಅರ್ಜಿ ಮತ್ತೆ ಬರುತ್ತದೆ. ಅದನ್ನು ಮಂಜೂರು ಮಾಡಿ ಎಂದು ಇಲ್ಲಿ ಕೇಳುವಂತಿಲ್ಲ. ಆ ಮಾತನ್ನು ನಮ್ಮ ವಕೀಲರು ಪೀಠದ ಮುಂದೆಯೇ ಹೇಳುತ್ತಾರೆ. ಅಂದು ಏನಾದರೊಂದು ಆದೇಶವಾಗುವಂತೆ ಕಡತ ಮೇಜಿನ ಮೇಲಿರಲಿ ಎಂಬಷ್ಟೇ ನನ್ನ ಕೋರಿಕೆ. ಅತ್ತೆಯವರ ಮನೆ ನ್ಯಾಯಾಲಯದಿಂದ ಹನ್ನೊಂದು ಕಿಲೋಮೀಟರು, ಬಾಗಿಲವರೆಗೂ ಡಾಂಬರು ರಸ್ತೆ. ಕಮಿಷನರರು ಬರುವುದೇ ಆದರೆ ಬೆಳಿಗ್ಗೆ ಹನ್ನೊಂದರೊಳಗೆ ಬರಲಿ, ಊಟವಾದ ಮೇಲೆ ಅತ್ತೆಯವರಿಗೆ ನಿದ್ದೆ ಹತ್ತುತ್ತದೆ. ಪಾಟೀಸವಾಲು ಮಾಡುವವರು ಅವರ ಬಲಗಡೆ ಕುಳಿತುಕೊಳ್ಳಲಿ. ಎಡಗಿವಿ ಕೇಳಿಸುವುದಿಲ್ಲ.

ತಮ್ಮ ವಿಧೇಯ,
ವಾದಿ, ವೃತ್ತಿಯಿಂದ ಅರ್ಜಿ ಬರಹಗಾರ
ಬಾಗಲಕೋಟೆ ಜಿಲ್ಲೆ